ಸಾರಥಿಯ ನಿದ್ರೆ

ಬೆಳ್ಳೂರಿನಂತಹ ಬಯಲುಸೀಮೆಯ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರವು ಪುರಾಣದಲ್ಲಿ ಕೇಳತಕ್ಕ ವಸ್ತುವೇ ಹೊರತು ಕಣ್ಣಿನಿಂದ ಕಾಣತಕ್ಕ ವಸ್ತುವಲ್ಲ. ಕೆರೆ ಕೋಡಿ ಬಿದ್ದ ವರ್ಷವೇ ನಮಗೆ ಪುಣ್ಯದ ವರ್ಷ. ಆದ್ದರಿಂದ ಕಳೆದ ಪುಷ್ಯಮಾಸದಲ್ಲಿ ನಮ್ಮ ಬೀದಿಯ ಹದಿನಾಲ್ಕು ಮಂದಿ ಸೇರಿ, ಒಂದು ಸಣ್ಣ ಬಸ್ಸನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು, ಉಡುಪಿಗೂ ಮಲ್ಪೆಯ ಕಡಲತೀರಕ್ಕೂ ಹೋಗಿಬರುವುದೆಂದು ನಿಶ್ಚಯವಾದಾಗ, ಎಪ್ಪತ್ತೆಂಟು ವರ್ಷದ ನಮ್ಮ ಸೋದರತ್ತೆಯವರು ಆ ರಾತ್ರಿಯೇ ಸೀರೆಗಳನ್ನು ಮಡಿಸಿಟ್ಟುಕೊಂಡರು.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ನಮ್ಮ ಬೆಳ್ಳೂರು ಕ್ರಾಸಿನ ಮೇಲೆಯೇ ಹಾದುಹೋಗುತ್ತದೆ. 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ರೈಲುದಾರಿಯ ನಿಲ್ದಾಣವೊಂದು ಸಮೀಪದ ಬಿ.ಜಿ. ನಗರದಲ್ಲಿದೆ. ಆದರೂ ಮೊಣಕಾಲು ನೋವಿನ ಹಿರಿಯರನ್ನೂ ಕೈಗೂಸುಗಳನ್ನೂ ಹತ್ತಿಸಿ ಇಳಿಸುವ ಕಷ್ಟವನ್ನು ಬಲ್ಲವರಿಗೆ, ಮನೆಯ ಬಾಗಿಲಲ್ಲಿ ಬಂದು ನಿಲ್ಲುವ ವಾಹನದ ಸುಖ ವಿವರಿಸಿ ಹೇಳಬೇಕಾದದ್ದಲ್ಲ. ಜನರು ‘ಟಿ.ಟಿ.’ ಎಂದು ಕರೆಯುವ ಟೆಂಪೋ ಟ್ರಾವೆಲರ್ ಗಾಡಿ ನಮ್ಮ ಗುಂಪಿಗೆ ಸರಿಯಾಗಿತ್ತು. ಲೆಕ್ಕ ಬಲ್ಲವನೆಂದು ಏರ್ಪಾಡಿನ ಭಾರ ನನ್ನ ಮೇಲೆ ಬಿತ್ತು.

ಆದಿಮಾಧವರಾಯನ ಗುಡಿಯ ಬಳಿ ಸಂಜೆ ಸಭೆ ಸೇರಿತು. ನಮ್ಮಲ್ಲಿ ಅಂಗಡಿ ಇಟ್ಟಿರುವ ಮಹನೀಯರೊಬ್ಬರು ಕಾರ್ಯಕ್ರಮವನ್ನು ಮುಂದಿಟ್ಟರು. ಶನಿವಾರ ರಾತ್ರಿ ಹತ್ತಕ್ಕೆ ಹೊರಡತಕ್ಕದ್ದು. ಬೆಳಗಾಗುವ ವೇಳೆಗೆ ಉಡುಪಿ. ಭಾನುವಾರ ಹಗಲೆಲ್ಲ ದೇವರನ್ನೂ ಸಮುದ್ರವನ್ನೂ ನೋಡಿ, ರಾತ್ರಿ ಹೊರಟು, ಸೋಮವಾರ ಬೆಳಗ್ಗೆ ಅಂಗಡಿ ತೆರೆಯತಕ್ಕದ್ದು. ಕೋಣೆಗಳ ಬಾಡಿಗೆ ಉಳಿಯಿತಲ್ಲವೆ! ಎಲ್ಲರೂ ತಲೆದೂಗಿದರು.

“ಡ್ರೈವರ್ ಮಲಗುವುದು ಯಾವಾಗ?” ಎಂದೆ.

“ನಾವು ಸಮುದ್ರದ ಹತ್ತಿರ ಇರುವಾಗ ಗಾಡಿಯಲ್ಲೇ ಒಂದು ಗಳಿಗೆ ಮಲಗುತ್ತಾನೆ, ಮೇಷ್ಟ್ರೇ. ಅವರಿಗೆಲ್ಲ ಅಭ್ಯಾಸ.”

ಈ ಮಾತಿಗೆ ನಾನು ಉತ್ತರ ಕೊಡಬೇಕಾದರೆ, ಅದುವರೆಗೆ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಲೇಬೇಕಾಯಿತು. ಬಹಳ ವರ್ಷಗಳ ಹಿಂದೆ ನಾನು ಶಾಲೆಯ ಮಕ್ಕಳನ್ನು ಕರಾವಳಿಗೆ ಪ್ರವಾಸ ಕರೆದೊಯ್ದಿದ್ದೆ. ತಂದೆತಾಯಿಗಳಿಗೆ ಖರ್ಚು ಕಡಮೆಯಾಗಲೆಂದು ಎರಡು ರಾತ್ರಿಗಳನ್ನೂ ಪ್ರಯಾಣದಲ್ಲೇ ಕಳೆಯುವಂತೆ ಕಾರ್ಯಕ್ರಮ ಬರೆದವನು ನಾನೇ. ಹಿಂದಿರುಗುವಾಗ ಶಿರಾಡಿ ಘಾಟಿಯನ್ನು ಹತ್ತುತ್ತಿದ್ದ ಬಸ್ಸು, ರಾತ್ರಿ ಮೂರರ ಸುಮಾರಿನಲ್ಲಿ ಮೆಲ್ಲನೆ ಎಡಕ್ಕೆ ವಾಲಿ ರಸ್ತೆಯಂಚಿನ ಜಲ್ಲಿಯ ಮೇಲೆ ಸದ್ದುಮಾಡಿತು. ಆ ಸದ್ದಿಗೇ ಡ್ರೈವರ್ ಎಚ್ಚೆತ್ತು ಗಾಡಿ ನಿಲ್ಲಿಸಿದ. ಕೆಳಗಿಳಿದು ಮುಖ ತೊಳೆದುಕೊಂಡು, “ಮೂರು ರಾತ್ರಿಯಿಂದ ನಿದ್ದೆ ಇಲ್ಲ, ಮೇಷ್ಟ್ರೇ” ಎಂದ. ನಾನು ಟಾರ್ಚು ಬಿಟ್ಟು ನೋಡಿದೆ. ಚಕ್ರದಿಂದ ಒಂದು ಮಾರು ದೂರದಲ್ಲಿ ನೆಲ ಮುಗಿದಿತ್ತು. ಒಳಗೆ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ರಿಸುತ್ತಿದ್ದರು. ಬೆಳಗ್ಗೆ ಊರಿನಲ್ಲಿ ಎಲ್ಲರೂ ನನ್ನ ಮಿತವ್ಯಯವನ್ನು ಹೊಗಳಿದರು; ನಾನು ಸುಮ್ಮನಿದ್ದೆ.

ಸಭೆ ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು. ಆಮೇಲೆ ನಾನು ದ್ರೋಣಪರ್ವದ ಕಥೆಯನ್ನು ನೆನಪಿಗೆ ತಂದೆ. ಸೂರ್ಯಾಸ್ತದೊಳಗಾಗಿ ಜಯದ್ರಥನನ್ನು ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ, ಹೊತ್ತು ಇಳಿಯುತ್ತಿದೆ, ಸುತ್ತ ಶತ್ರುಸೈನ್ಯ. ಹಾಗಿದ್ದೂ ಕುದುರೆಗಳು ದಣಿದುವೆಂದು ಕಂಡಾಗ ರಣರಂಗದ ನಡುವೆಯೇ ರಥ ನಿಂತಿತು. ಅರ್ಜುನನು ಬಾಣದಿಂದ ನೆಲವನ್ನು ಭೇದಿಸಿ ನೀರು ತರಿಸಿದನು. ಕೃಷ್ಣನು ಕುದುರೆಗಳನ್ನು ಬಿಚ್ಚಿ, ಮೈಗೆ ನಾಟಿದ ಬಾಣಗಳನ್ನು ಕಿತ್ತು, ಮೈಯುಜ್ಜಿ, ನೀರು ಕುಡಿಸಿ ಮತ್ತೆ ಹೂಡಿದನು. ಇಂದಿನ ರಥಕ್ಕೆ ಕುದುರೆಗಳಿಲ್ಲ, ದಣಿಯುವವನು ಸಾರಥಿಯೊಬ್ಬನೇ. ಸೋಮವಾರ ಅಂಗಡಿ ತೆರೆಯುವ ಪ್ರತಿಜ್ಞೆ ಅರ್ಜುನನ ಪ್ರತಿಜ್ಞೆಗಿಂತ ದೊಡ್ಡದೆ?

ಕಥೆಗೆ ಒಪ್ಪದವರು ಲೆಕ್ಕಕ್ಕೆ ಒಪ್ಪಿದರು. ಗಾಡಿಯ ಮಾಲೀಕರು ಹೇಳಿದ ದರ ಕಿಲೋಮೀಟರಿಗೆ 22 ರೂಪಾಯಿ. ದಿನವೊಂದಕ್ಕೆ ಕನಿಷ್ಠ 300 ಕಿಲೋಮೀಟರಿನ ಹಣ ಕೊಡತಕ್ಕದ್ದು. ಡ್ರೈವರನ ಬಾಟಾ ದಿನಕ್ಕೆ 600. ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿಗೆ. ಶನಿವಾರ ರಾತ್ರಿ ಹತ್ತಕ್ಕೆ ಹೊರಟರೆ ಎರಡೇ ಗಂಟೆಗೆ ಒಂದು ದಿನ ತುಂಬಿಹೋಗುತ್ತದೆ. ಸೋಮವಾರ ನಸುಕಿಗೆ ಮತ್ತೊಂದು. ಒಟ್ಟು ಮೂರು ದಿನ; 21,600 ರೂಪಾಯಿ. ಶನಿವಾರ ಬೆಳಗ್ಗೆ ಐದಕ್ಕೆ ಹೊರಟು ಭಾನುವಾರ ರಾತ್ರಿ ಒಂಬತ್ತಕ್ಕೆ ಬಂದರೆ ಎರಡೇ ದಿನ. ಸುಮಾರು 650 ಕಿಲೋಮೀಟರಿಗೆ ಬಾಟಾ ಸೇರಿ 15,500. ಉಳಿದ 6,100 ರೂಪಾಯಿ ಕೋಣೆಗಳಿಗೆ ಹೆಚ್ಚು ಕಡಮೆ ಸರಿಹೋಯಿತು. ಟೋಲಿನ ಹಣ ಹೇಗಾದರೂ ಬೇರೆ. ನಿದ್ದೆಗೆಟ್ಟು ಉಳಿಸುತ್ತೇವೆಂದುಕೊಂಡ ಹಣ ಮೊದಲಿನಿಂದಲೂ ಇರಲೇ ಇಲ್ಲ! 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೂ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಗಳ ಕೆಲಸವೆಂದೂ, ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯಾದರೂ ವಿಶ್ರಾಂತಿಯೆಂದೂ ವಿಧಿಸಿತ್ತು. ಬಾಡಿಗೆಗೆ ಗೊತ್ತುಮಾಡುವವರು ಹಳದಿ ಬೋರ್ಡಿನ ಗಾಡಿಯೇ ಎಂದು ನೋಡುವಂತೆ, ಡ್ರೈವರ್ ಹಿಂದಿನ ರಾತ್ರಿ ಎಲ್ಲಿದ್ದನೆಂದೂ ಕೇಳಬೇಕು. ನಾನು ಕೇಳಿದೆ, ಆತ ಮನೆಯಲ್ಲಿ ಮಲಗಿದ್ದ.

ಶನಿವಾರದ ವ್ಯಾಪಾರವನ್ನು ಮಗನಿಗೆ ಒಪ್ಪಿಸಿ ಬಂದ ಅಂಗಡಿಯವರು ಹಾಸನದವರೆಗೂ ನನ್ನೊಡನೆ ಮಾತನಾಡಲಿಲ್ಲ. ಸಕಲೇಶಪುರ ದಾಟಿ ಘಾಟಿಯಿಳಿಯುವಾಗ, ಬಿಸಿಲಿನಲ್ಲಿ ಹೊಳೆಯುವ ಕಾಡನ್ನು ಕಂಡು, “ರಾತ್ರಿ ಬಂದಿದ್ದರೆ ಇದೆಲ್ಲ ಎಲ್ಲಿ ಕಾಣುತ್ತಿತ್ತು?” ಎಂದು ಕಿಟಕಿಗೇ ಹೇಳಿದರು. ಅದು ನನಗೆಂದೇ ತಿಳಿದೆ.

ಸಂಜೆ ಮಲ್ಪೆಯಲ್ಲಿ ಸೋದರತ್ತೆಯವರು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದು, ಕೊನೆಗೆ, “ಇದರ ಒಂದು ಕೋಡಿ ನಮ್ಮ ಕೆರೆಗೆ ಬಿದ್ದಿದ್ದರೆ!” ಎಂದರು. ಉಪ್ಪುನೀರೆಂದು ನೆನಪಿಸುವ ಮನಸ್ಸು ಯಾರಿಗೂ ಬರಲಿಲ್ಲ.

ಅವರಿಂದ ಸ್ವಲ್ಪ ದೂರದಲ್ಲಿ ನಮ್ಮ ಡ್ರೈವರ್ ಷರಾಯಿ ಮಡಿಸಿಕೊಂಡು ಅಲೆಯಲ್ಲಿ ನಿಂತಿದ್ದ. ಮೊದಲ ಸಲ ಬಂದೆಯೇನಪ್ಪ ಎಂದೆ.

“ಇಪ್ಪತ್ತು ಸಲ ಬಂದಿರಬಹುದು, ಮೇಷ್ಟ್ರೇ. ನೀರಿಗೆ ಕಾಲಿಟ್ಟಿದ್ದು ಇವತ್ತೇ. ಜನ ಸಮುದ್ರಕ್ಕೆ ಇಳಿಯೋ ಹೊತ್ತಿಗೆ ನಾನು ಗಾಡಿಯಲ್ಲಿ ಮಲಗಬೇಕಲ್ಲ.”

ಆ ರಾತ್ರಿ ಉಡುಪಿಯಲ್ಲಿ ಆತನಿಗೆಂದು ಮೊದಲೇ ಹೇಳಿಟ್ಟಿದ್ದ ಮಂಚದಲ್ಲಿ ಆತ ಗಾಢವಾಗಿ ನಿದ್ರಿಸಿದ. ಪಕ್ಕದ ಕೋಣೆಗೆ ಗೊರಕೆ ಕೇಳಿಸುತ್ತಿತ್ತು. ಅಂಗಡಿಯವರು ಗೊಣಗಿದರು. ನಾನು ಮಾತ್ರ ಆ ಸದ್ದನ್ನು ಕೇಳುತ್ತ, ಎಷ್ಟೋ ವರ್ಷಗಳ ಹಿಂದಿನ ಆ ಜಲ್ಲಿಯ ಸದ್ದನ್ನು ಮರೆತು, ಸುಖವಾಗಿ ಕಣ್ಣು ಮುಚ್ಚಿದೆ.