ಮಗಳ ಒಡವೆಪೆಟ್ಟಿಗೆ

ಪೆಟ್ಟಿಗೆಗೆ ಮರ ಯಾವುದೆಂಬುದೇ ಮೊದಲ ಪ್ರಶ್ನೆ. ಹಳೆಯ ಮನೆ ಕೆಡವಿದಾಗ ಉಳಿದ ತೇಗದ ಬಾಗಿಲೊಂದಿತ್ತು. ದಶಕಗಳ ಕಾಲ ಒಣಗಿದ ಹಲಗೆ ಹೊಸ ಮರದಂತೆ ಸುಲಭವಾಗಿ ಸೊಟ್ಟಗಾಗದು. ಮದುವೆ ನಿಶ್ಚಯವಾದ ಮಗಳಿಗೆಂದು, ಸೀಮೆಸುಣ್ಣವನ್ನಷ್ಟೇ ಹಿಡಿದಿದ್ದ ನನ್ನ ಕೈ ಐವತ್ತಾರನೆಯ ವಯಸ್ಸಿನಲ್ಲಿ ಉಳಿ ಹಿಡಿಯಿತು.

ಮರವು ಮಳೆಗಾಲದಲ್ಲಿ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ; ಉದ್ದದಲ್ಲಿ ವ್ಯತ್ಯಾಸ ಅತ್ಯಲ್ಪ. ಆದುದರಿಂದ ತಳದ ಹಲಗೆಗೆ ಅಂಟು ಹಾಕದೆ, ಪಕ್ಕಗಳಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂರಿಸಬೇಕು. "ಅದಕ್ಕೂ ಉಸಿರಾಡಲು ಎಡೆ ಬಿಡಿ, ವಾಧ್ಯಾರೇ" ಎಂದರು ಊರ ಆಚಾರಿ. ಮೂಲೆಗಳಲ್ಲಿ ಬರಿಯ ಅಂಟು ನಿಲ್ಲದು. ಕೊಯ್ದ ತುದಿ ಅದನ್ನು ಹೀರಿಬಿಡುತ್ತದೆ. ಕೈಬೆರಳುಗಳನ್ನು ಹೆಣೆದಂತೆ ಹಲ್ಲುಗಳನ್ನು ಕೊರೆದು ಹೊಂದಿಸಿದೆನು. ನಾಲ್ಕು ಮೂಲೆಗಳಿಗೆ ಮೂರು ವಾರ!

ಬೀಗಕ್ಕೆ ದಿಂಡಿಗಲ್ಲಿಗೇ ಹೋದೆನು. 2019ರಲ್ಲಿ ಅಲ್ಲಿನ ಬೀಗಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಕೈಯಿಂದ ಮಾಡುವವರು ಮಾತ್ರ ವಿರಳರಾಗುತ್ತಿದ್ದಾರೆ. ಮಾವಿನಕಾಯಿಯ ಆಕಾರದ ಪುಟ್ಟ ಬೀಗವೊಂದನ್ನು ತಂದೆನು.

ಒಳಗಿಡಲು ಇದ್ದುದು ನನ್ನ ತಾಯಿಯ ಒಂದು ಜೊತೆ ಓಲೆ, ಒಂದೆಳೆ ಸರ. ಮುಚ್ಚಳದ ಒಳಬದಿಯಲ್ಲಿ ಆಕೆಯ ಹೆಸರನ್ನು ಕನ್ನಡದಲ್ಲಿ ಕೆತ್ತಿದೆನು. ಮಗಳು ಅದರ ಮೇಲೆ ಬೆರಳಾಡಿಸಿ, "ಇದೇನಪ್ಪಾ ಬರೆದಿರೋದು?" ಎಂದಳು. ಕೇಳಿದ್ದು ಕನ್ನಡದಲ್ಲೇ! ಕಂಬಂ ಕಣಿವೆಯ ನಮ್ಮ ಮನೆಗಳಲ್ಲಿ ಬಹುತೇಕ ಹೀಗೆಯೇ: ನಾಲಗೆಯ ಮೇಲೆ ಕನ್ನಡ, ಪಾಟಿಯ ಮೇಲೆ ತಮಿಳು.

"ನಿಮ್ಮಜ್ಜಿಯ ಹೆಸರು" ಎಂದೆನು.

ಮದುವೆಗೆ ಇನ್ನು 20 ದಿನವಿತ್ತು. ರಾತ್ರಿ ಊಟವಾದ ಮೇಲೆ ದಿನಕ್ಕೆ ಮೂರು ಅಕ್ಷರದಂತೆ ಕಲಿಸತೊಡಗಿದೆನು. ಒತ್ತಕ್ಷರಗಳಿಗೆ ಬರುವಷ್ಟರಲ್ಲಿ ಚಪ್ಪರ ಹಾಕುವವರು ಬಂದರು.