ಮಣ್ಣೊಲ್ಲದ ಗಿಡ

ಎರೆಹೊಲದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ, ಮಣ್ಣೇ ಒಲ್ಲೆ ಎನ್ನುವ ಗಿಡದ ಮೇಲೆ ನಂಬಿಕೆ ಬರುವುದು ಕಷ್ಟ. ನಮ್ಮ ಗದಗ-ಬೆಟಗೇರಿ ಮನೆಯ ವಾಸ್ತುಶಾಂತಿಗೆ ಬೆಂಗಳೂರಿನ ನೆಂಟರು ಫೆಲನಾಪ್ಸಿಸ್ ಎಂಬ ಆರ್ಕಿಡ್ ತಂದುಕೊಟ್ಟರು. ದಂಟಿನ ತುಂಬ ಬಿಳಿ ಹೂ, ವಾರಗಟ್ಟಲೆ ಬಾಡುವ ಮಾತೇ ಇಲ್ಲ. ಮುಂಡರಗಿಯಿಂದ ಬಂದಿದ್ದ ಅತ್ತೆ ಹೂವಿಗಿಂತ ಬುಡವನ್ನೇ ಬಗ್ಗಿ ನೋಡಿದರು. “ಇದಕ್ಕ ಮಣ್ಣ ಇಲ್ಲಲ್ಲೋ ತಮ್ಮಾ! ಬರೇ ಕಸಾ ತುಂಬಿ ಕೊಟ್ಟಾರ” ಎಂದು ಮರುಗಿದರು. ಹೂ ಉದುರಿದ ಮೇಲೆ, ನಾನು ಊರಲ್ಲಿಲ್ಲದ ಹೊತ್ತು ನೋಡಿ, ಚಲೋ ಎರೆಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ, ದೊಡ್ಡ ಕುಂಡಕ್ಕೆ ಗಿಡ ಬದಲಿಸಿ, ತಂಬಿಗೆ ತುಂಬ ನೀರು ಹಾಕಿದರು. ಜೋಳವಾಗಿದ್ದರೆ ಆಳೆತ್ತರ ಬೆಳೆಯುತ್ತಿತ್ತು.

ಇದು ಎಲೆ ಜೋಲು ಬಿಟ್ಟಿತು. ಬಾಡಿತೆಂದು ಮತ್ತೆ ನೀರು. ನೀರಾದಷ್ಟೂ ಮತ್ತಷ್ಟು ಜೋಲು.

ಅತ್ತೆಯನ್ನು ನಾನು ದೂರುವವನಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆರ್ಕಿಡ್ ಹುಚ್ಚು ಹತ್ತಿದ ಸಿರಿವಂತರು ಮಾಡಿದ್ದೂ ಇಂಥದ್ದೇ ಉಪಚಾರ. ಉಷ್ಣವಲಯದ ಗಿಡವೆಂದರೆ ಸದಾ ಸೆಕೆ, ಸದಾ ಕೆಸರು ಎಂದುಕೊಂಡು ಗಾಜಿನ ಮನೆಗಳ ಕಿಟಕಿ ಮುಚ್ಚಿ, ಒಲೆ ಉರಿಸಿ, ಹಡಗಿನಲ್ಲಿ ಬಂದ ಗಿಡಗಳನ್ನು ಸಾವಿರಗಟ್ಟಲೆ ಬೇಯಿಸಿ ಕೊಂದರು. ಡೆವನ್‌ಶೈರ್ ಡ್ಯೂಕನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್‌ಗೆ ಮಾತ್ರ ಗಾಳಿಯ ಬೆಲೆ ಗೊತ್ತಾಯಿತು. ಅವನ ಕೈಕೆಳಗಿನ ಜಾನ್ ಗಿಬ್ಸನ್ 1835ರಲ್ಲಿ ಹಿಂದೂಸ್ಥಾನಕ್ಕೆ ಬಂದು, ಖಾಸಿ ಬೆಟ್ಟಗಳಲ್ಲಿ ಅಲೆದು, 1837ರಲ್ಲಿ ರಾಶಿ ಆರ್ಕಿಡ್‌ಗಳೊಡನೆ ಮರಳಿದ. ಪ್ಯಾಕ್ಸ್‌ಟನ್ ಅವನ್ನು ಗಾಳಿಯಾಡುವ ಮನೆಗಳಲ್ಲಿಟ್ಟು ಬದುಕಿಸಿದ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದವನೂ ಇವನೇ. ಗಿಡಕ್ಕೆ ಮನೆ ಕಟ್ಟುತ್ತ ಕಟ್ಟುತ್ತ ಮಂದಿಗೂ ಕಟ್ಟುವುದನ್ನು ಕಲಿತನೆಂದು ಕಾಣುತ್ತದೆ.

ಇಷ್ಟಕ್ಕೂ ಗುಟ್ಟೆಲ್ಲ ಬೇರಿನದು. ಕಾಡಿನಲ್ಲಿ ಫೆಲನಾಪ್ಸಿಸ್ ಮರದ ತೊಗಟೆಗೆ ಅಂಟಿಕೊಂಡು ಗಾಳಿಯಲ್ಲಿ ಬೇರು ಬಿಡುತ್ತದೆ. ಹಾಗೆಂದು ಬದನಿಕೆಯ ಜಾತಿಯದಲ್ಲ. ಮರದ ರಸ ಹೀರುವುದಿಲ್ಲ, ಕೂರಲು ಜಾಗವಷ್ಟೇ ಕೇಳುತ್ತದೆ. ಬೇರಿನ ಮೈತುಂಬ ವೆಲಮೆನ್ ಎಂಬ ಸತ್ತ ಕೋಶಗಳ ಪದರ. ಮಳೆ ಹನಿದರೆ ಗಳಿಗೆಯೊಳಗೆ ಹೀರಿ ಹಸಿರಾಗುತ್ತದೆ, ಒಣಗಿದರೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಆ ಬೇರನ್ನು ಒದ್ದೆ ಎರೆಮಣ್ಣಿನಲ್ಲಿ ಹೂತರೆ ಉಸಿರು ಕಟ್ಟಿ ಕೊಳೆಯುತ್ತದೆ. ಬೇರು ಸತ್ತ ಮೇಲೆ ಕುಂಡದ ತುಂಬ ನೀರಿದ್ದರೂ ಎಲೆಗೆ ನೀರಡಿಕೆಯೇ.

ಊರಿಗೆ ಮರಳಿದವನು ಗಿಡವನ್ನು ಮಣ್ಣಿನಿಂದ ಬಿಡಿಸಿ ಬೇರು ತೊಳೆದೆ. ಹಿಚುಕಿದರೆ ಮೆತ್ತಗಾಗಿ, ನಡುವಿನ ದಾರವಷ್ಟೇ ಉಳಿಯುವ ಬೇರು ಸತ್ತದ್ದು, ಗಟ್ಟಿಯಾಗಿರುವುದು ಜೀವಂತ. ಸತ್ತದ್ದನ್ನೆಲ್ಲ ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಿಂದ ತೆಗೆದು, ಗಾಯ ಒಣಗಲು ಬಿಟ್ಟೆ. ಇಂಥ ಗಿಡದ ಕುಂಡಕ್ಕೆ ತುಂಬುವ ಪೈನ್ ತೊಗಟೆ ಗದಗಿನ ಯಾವ ಅಂಗಡಿಯಲ್ಲಿ ಸಿಕ್ಕೀತು? ಶಿರಹಟ್ಟಿಯ ಕುಲುಮೆಯೊಂದರಿಂದ ಇದ್ದಿಲು ಬಂತು. ಲಕ್ಷ್ಮೇಶ್ವರದ ಗೆಳೆಯ ಹಳೇ ಮನೆ ಕೆಡವಿದಾಗ ಉಳಿದ ಮಂಗಳೂರು ಹಂಚಿನ ಚೂರು ಕೊಟ್ಟ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಇಂಥ ಹಂಚು ಸುಡಲು ಶುರುಮಾಡಿದವರು ಬಾಸೆಲ್ ಮಿಶನ್‌ನವರು. ಅದೇ ಮಿಶನ್‌ನವರು ನಮ್ಮ ಬೆಟಗೇರಿಯಲ್ಲೂ ಠಾಣ್ಯ ಹೂಡಿದ್ದರು. ಹಂಚು ನೀರು ಹಿಡಿಯುತ್ತದೆ, ಇದ್ದಿಲು ಗಾಳಿಗೆ ದಾರಿ ಬಿಡುತ್ತದೆ. ಸುತ್ತಲೂ ರಂಧ್ರವಿರುವ ಸಣ್ಣ ಕುಂಡದಲ್ಲಿ ಎರಡನ್ನೂ ತುಂಬಿ, ಗಿಡ ಅಲುಗದಂತೆ ಕಡ್ಡಿಗೆ ಕಟ್ಟಿದೆ. ಈ ಕಟ್ಟುವುದನ್ನೇ ಬಹಳ ಮಂದಿ ಬಿಡುತ್ತಾರೆ. ಬುಡ ಅಲುಗಾಡಿದರೆ ಎಳೆ ಬೇರಿನ ತುದಿ ಉಜ್ಜಿ ಮುರಿಯುತ್ತದೆ.

ಆಮೇಲಿನದು ಬಾಣಂತನ. ಗದಗಿನ ಗಾಳಿ ಸಾಮಾನ್ಯದ್ದಲ್ಲ. ಕಪ್ಪತಗುಡ್ಡದ ನೆತ್ತಿಯ ಗಾಳಿಯಂತ್ರಗಳನ್ನು ಕೇಳಿ ನೋಡಿ. ಆ ಒಣ ಗಾಳಿಗೆ ಸಿಗದಂತೆ ನೆರಳಿನ ಮೂಲೆ ಹಿಡಿದೆ. ತಾಟಿನಲ್ಲಿ ಹರಳುಕಲ್ಲು ಹರಡಿ, ನೀರು ಹಾಕಿ, ನೀರಿಗೆ ಬುಡ ತಾಗದಂತೆ ಅದರ ಮೇಲೆ ಕುಂಡ ಇಟ್ಟೆ. ಬೋರಿನ ಸವುಳು ನೀರನ್ನು ಹತ್ತಿರ ಬಿಡಲಿಲ್ಲ. ಮುಂಡರಗಿ ಸೀಮೆಯವರಿಗೆ ಫ್ಲೋರೈಡ್ ಕಾಟ ಹೊಸದಲ್ಲ, ಅದನ್ನು ಗಿಡಕ್ಕೂ ಏಕೆ ಕುಡಿಸಬೇಕು? ಮಾಳಿಗೆಯಿಂದ ಹಿಡಿದ ಮಳೆನೀರು, ಅದೂ ಬೆಳಗಿನ ಹೊತ್ತು, ಬೇರು ಬೆಳ್ಳಗಾದ ಮೇಲೆ ಮಾತ್ರ. ಎಲೆಯ ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ. ಗೊಬ್ಬರದ ಹೆಸರೆತ್ತಲಿಲ್ಲ, ಉಣ್ಣಲು ಬೇರಿಲ್ಲದ ಗಿಡಕ್ಕೆ ಗೊಬ್ಬರ ಹಾಕಿದರೆ ಉಳಿದ ಬೇರೂ ಸುಡುತ್ತದೆ.

“ನೀರಿಲ್ಲ, ಗೊಬ್ಬರಿಲ್ಲ, ಇದೆಂಥಾ ಸಾಕಾಣಿಕಿ!” ಎಂದು ಅತ್ತೆ ಮೂಗು ಮುರಿದರು. ಕೆಳಗಿನ ಎಲೆ ಹಳದಿಯಾಗಿ ಬಿತ್ತು. ಆಮೇಲೊಮ್ಮೆ ಬುಡದಲ್ಲಿ ಹಸಿರು ಮೊನೆ ಕಂಡಿತು, ಮಿರಿಮಿರಿ ಮಿಂಚುವ ಹೊಸ ಬೇರು. ಜೋತ ಎಲೆಗಳ ಸುಕ್ಕು ಪೂರ್ತಿ ಹೋಗಲಿಲ್ಲ, ಹೊಸ ಎಲೆ ಮಾತ್ರ ಬಿರುಸಾಗಿ ಎದ್ದಿತು.

“ಅಂಗಡ್ಯಾಗ ಹೊಸಾದು ಸಿಗ್ತಿತ್ತಲ್ಲ?” ಎಂದವರಿದ್ದಾರೆ. ಸಿಗುತ್ತದೆ ನಿಜ, ಆದರೆ ಅದು ಅಂಗಡಿಗೆ ಬಂದದ್ದು ಸುಲಭವಾಗಿ ಅಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬುತ್ತಿಯಿಲ್ಲದೆ ಹೊರಡುವ ಬೀಜ. ಕಾಡಿನಲ್ಲಿ ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಚಿಗುರುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ಕ್ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆಯೇ ಅದನ್ನು ಮೊಳೆಯಿಸುವ ದಾರಿ ತೋರಿಸಿದ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಆರ್ಕಿಡ್‌ನ ಅಂಗಾಂಶದಿಂದ ಗಿಡ ಮಾಡುವುದನ್ನು ತೋರಿಸಿಕೊಟ್ಟ. ಡ್ಯೂಕರ ಗಿಡ ನಮ್ಮ ವಾಸ್ತುಶಾಂತಿಯ ಉಡುಗೊರೆಯಾದದ್ದು ಹಾಗೆ. ಅಗ್ಗವಾಯಿತೆಂದು ತಿಪ್ಪೆಗೆ ಎಸೆಯುವುದು ನನಗೆ ಒಗ್ಗುವುದಿಲ್ಲ.

ನಿಮ್ಮ ಮನೆಯಲ್ಲೂ ಇದ್ದರೆ, ಕುಂಡ ಬದಲಿಸುವ ಕೆಲಸವನ್ನು ಹೂ ಉದುರಿದ ಮೇಲೆ, ಮುಂಗಾರಿನ ತಂಪು ಬಿದ್ದಾಗ ಮಾಡಿ. ಏಪ್ರಿಲ್-ಮೇ ಬಿಸಿಲಲ್ಲಿ ಮುಟ್ಟಬೇಡಿ. ಮಣ್ಣಿನ ಮೇಲೆ ಬಹಳ ಪ್ರೀತಿಯಿರುವ ಹಿರಿಯರು ಬರುವವರಿದ್ದರೆ ಕುಂಡವನ್ನು ಅವರ ಕೈಗೆಟುಕದ ಎತ್ತರದಲ್ಲಿ ತೂಗುಹಾಕಿ.