ಬ್ಯಾಂಡ್ 28 ಮತ್ತು ಇತರ ಗೊಂದಲಗಳು

ನನ್ನ ಫೋನು ಕೆಟ್ಟಿಲ್ಲ. ಹೊಸದು ತಗೊಳ್ತೀನಿ ಅಂದಕೂಡಲೇ ಎಲ್ಲರೂ "ಹಳೇದಕ್ಕೆ ಏನಾಯ್ತು?" ಅಂತಲೇ ಕೇಳುವುದರಿಂದ ಇದನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೇನೆ. 2018ರಲ್ಲಿ ಕೊಂಡದ್ದು. ಎರಡು ಸಲ ಅಂಗಳಕ್ಕೆ ಬಿದ್ದಿದೆ, ಒಂದು ಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು. ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಸುಸ್ತಾಗುತ್ತದೆ. ಅದು ನನಗೂ ಆಗುತ್ತದೆ. ಉಳಿದಂತೆ ರಿಂಗ್ ಬರುತ್ತದೆ, ಮಾತು ಕೇಳುತ್ತದೆ, ಟಾರ್ಚ್ ಉರಿಯುತ್ತದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ, ಅಷ್ಟೆ. ‘ಈ ಆವೃತ್ತಿಯು ನಿಮ್ಮ ಸಾಧನದಲ್ಲಿ ಕಾರ್ಯನಿರ್ವಹಿಸುವುದಿಲ್ಲ’ ಎಂದಿತು. ಪುಸ್ತಕಗಳ ಕರಡು ತಿದ್ದಿ ಹೊಟ್ಟೆ ಹೊರೆಯುವವನಾದ್ದರಿಂದ ಮೊದಲು ಗಮನಕ್ಕೆ ಬಂದದ್ದು ವಾಕ್ಯದಲ್ಲಿ ತಪ್ಪಿಲ್ಲ ಎಂಬುದು. ಅರ್ಥ ಆಮೇಲೆ ತಲೆಗೆ ಹೋಯಿತು.

ಫೋನು ಆಂಡ್ರಾಯ್ಡ್ 9ಕ್ಕೆ ನಿಂತುಹೋಗಿದೆಯಂತೆ. ಮುಂದೆ ಹೋಗಲು ತಯಾರಿಸಿದವರು ಬಿಡುವುದಿಲ್ಲ, ಅಲ್ಲೇ ಇರಲು ಬ್ಯಾಂಕಿನವರು ಬಿಡುವುದಿಲ್ಲ.

*

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಮಾವ, ಬಜೆಟ್ ಎಷ್ಟು?"

"ಮಾತಾಡೋಕೆ, ಕರಡು ಓದೋಕೆ, ದುಡ್ಡು ಕಳಿಸೋಕೆ..."

"ಅದೆಲ್ಲಾ ಎಲ್ಲದರಲ್ಲೂ ಇರುತ್ತೆ ಮಾವ. ಬಜೆಟ್ ಹೇಳಿ."

ಹದಿನೆಂಟು ಸಾವಿರ ಅಂದೆ. ರಾತ್ರಿ ಹತ್ತಕ್ಕೆ ಒಂದು ಪಟ್ಟಿ ಬಂತು. ಆರು ಫೋನು, ಹದಿನಾಲ್ಕು ಸಾಲು. ಕೂತು ಓದಿದೆ. ಹನ್ನೊಂದು ಸಾಲು ಆರಕ್ಕೂ ಒಂದೇ. ಅಭ್ಯಾಸಬಲದಿಂದ ಪಕ್ಕದಲ್ಲಿ ‘ಪುನರುಕ್ತಿ’ ಎಂದು ಗುರುತು ಹಾಕುವುದಿತ್ತು, ಪರದೆಯಾದ್ದರಿಂದ ಬಿಟ್ಟೆ.

ಅಮ್ಮನಿಗೂ ಒಂದು ಅಭಿಪ್ರಾಯವಿತ್ತು. "ಗಟ್ಟಿಯಾಗಿ ಬಡ್ಕೊಳ್ಳೋದು ತಗೊ. ನೀನು ತೋಟದಲ್ಲಿರ್ತೀಯ, ಅದು ಇಲ್ಲಿ ಮೇಜಿನ ಮೇಲೆ ಗುಂಯ್ ಅಂತಿರುತ್ತೆ. ನನಗೆ ಹೇಗೆ ಗೊತ್ತಾಗ್ಬೇಕು?"

ಪಟ್ಟಿಯಲ್ಲಿ ಮತ್ತೆ ಹುಡುಕಿದೆ. ರಿಂಗು ಎಷ್ಟು ಗಟ್ಟಿ ಎಂಬ ಸಾಲಿಲ್ಲ.

*

ನಮ್ಮದು ಭದ್ರಾ ಹಿನ್ನೀರಿನ ಅಂಚಿನ ಊರು. ಇಲ್ಲಿ ಹಿಡಿಯುವುದು ಬಿಎಸ್‌ಎನ್‌ಎಲ್ ಒಂದೇ. ಮಿಕ್ಕ ಕಂಪನಿಗಳ ಗೆರೆಗಳು ಟಾರು ರಸ್ತೆ ಮುಗಿಯುವಲ್ಲಿ ತಾವೂ ಮುಗಿಯುತ್ತವೆ. ನಮ್ಮ ಮನೆಯಲ್ಲಿ ರೇಂಜ್ ಸಿಗುವ ಜಾಗ ಮೂರು: ತುಳಸಿಕಟ್ಟೆಯ ಪೂರ್ವದ ಮೂಲೆ, ಅಟ್ಟದ ಕಿಟಕಿ, ಕೊಟ್ಟಿಗೆ ಹಿಂದಿನ ಕಲ್ಲು. ಕಲ್ಲು ಅತ್ಯುತ್ತಮ. ಪ್ರಕಾಶಕರ ಜೊತೆ ಅಧ್ಯಾಯಗಟ್ಟಲೆ ಚರ್ಚೆ ನಡೆಸಿದ್ದು ಆ ಕಲ್ಲಿನ ಮೇಲೆ ನಿಂತೇ. ದನಗಳಿಗೆ ಅಲ್ಪಪ್ರಾಣ ಮಹಾಪ್ರಾಣದ ಜ್ಞಾನ ಚೆನ್ನಾಗಿದೆ.

ಟವರಿನ ಕೆಲಸಕ್ಕೆ ಬಂದಿದ್ದವರೊಬ್ಬರು ಕಾಫಿ ಕುಡಿಯುತ್ತಾ ಹೇಳಿದ್ದು: ಬಿಎಸ್‌ಎನ್‌ಎಲ್ ಫೋರ್‌ಜಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. 700ರದ್ದು ಉದ್ದನೆಯ ಅಲೆ, ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. ಫೋನಿನ ಲೆಕ್ಕದಲ್ಲಿ ಅದರ ಹೆಸರು ಬ್ಯಾಂಡ್ 28. "ಅದಿದೆಯಾ ನೋಡಿ ತಗೊಳ್ಳಿ. ಇಲ್ಲಾಂದ್ರೆ ಚಿನ್ನದ ಫೋನ್ ತಂದ್ರೂ ನಿಮಗೆ ಆ ಕಲ್ಲೇ ಗತಿ ಮಾರಾಯ್ರೇ."

ಎಂಟು ದಿನದಲ್ಲಿ ನನಗೆ ಸಿಕ್ಕ ಒಂದೇ ಒಂದು ಉಪಯೋಗದ ಮಾತು ಅದು. ಹದಿನಾಲ್ಕು ಸಾಲಿನಲ್ಲಿ ಅದೂ ಇರಲಿಲ್ಲ.

*

ಶಿವಮೊಗ್ಗ, ದುರ್ಗಿಗುಡಿ. ಅಂಗಡಿಯಲ್ಲಿ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ.

"ಬ್ಯಾಂಡ್ 28 ಇದೆಯಾ?"

"ಫೈವ್‌ಜಿ ಇದೆ ಸರ್."

"ಸರಿ. 28?"

"28 ಅಲ್ಲ ಸರ್, 12 ಬ್ಯಾಂಡ್ ಇದೆ."

ಅವನ ತಪ್ಪಲ್ಲ. ಡಬ್ಬಿಯನ್ನು ಆರೂ ಮಗ್ಗುಲು ತಿರುಗಿಸಿ ನೋಡಿದೆವು, ಇಬ್ಬರೂ. ಎಲ್ಲೂ ಇಲ್ಲ. ದೇಶದಲ್ಲಿ ಫೈವ್‌ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ನಮ್ಮೂರಿನ ಟವರು ಈಗಲೂ ಮಳೆಗಾಲದಲ್ಲಿ ಕರೆಂಟು ಹೋದ ಸಂಜೆಗೆ ತಾನೂ ಕಣ್ಣುಮುಚ್ಚುತ್ತದೆ. ನನ್ನ ಮುಂದೆ ಆ ಐದನೆಯದನ್ನಿಟ್ಟು ನಾಲ್ಕನೆಯದರ ವಿಚಾರ ಯಾಕೆ ಕೇಳುತ್ತೀರಿ ಎಂಬಂತೆ ಹುಡುಗ ನೋಡಿದ. ಕೊನೆಗೆ ಕಂಪನಿಯ ಜಾಲತಾಣದಲ್ಲಿ, ತೀರಾ ತಳದಲ್ಲಿ, ಇರುವೆ ಸಾಲಿನಂಥ ಅಂಕಿಗಳ ನಡುವೆ 28 ಸಿಕ್ಕಿತು. ಅವನೇ ಹುಡುಕಿದ್ದು. ಅವನಿಗೆ ನನಗಿಂತ ಹೆಚ್ಚು ಖುಷಿಯಾದಂತಿತ್ತು.

*

ಅದೇ ಅಂಗಡಿಯಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರು ನಾಲ್ಕು ಫೋನುಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ಮೇಲೆ ಕೆಳಗೆ ತೂಗಿ ನೋಡುತ್ತಿದ್ದರು. ಮೂರನ್ನು ವಾಪಸ್ ಇಟ್ಟರು. ನಾಲ್ಕನೆಯದಕ್ಕೆ "ಇದಕ್ಕೆ ತೂಕ ಇದೆ" ಎಂದು ದುಡ್ಡು ಎಣಿಸಿದರು. ಮೂರು ನಿಮಿಷದಲ್ಲಿ ವ್ಯಾಪಾರ ಮುಗಿಯಿತು. ನಾನು ಎಂಟು ದಿನದಿಂದ ಓದುತ್ತಿದ್ದೇನೆ.

*

ನನ್ನ ಪರೀಕ್ಷೆ ಬೇರೆ. ಪ್ರದರ್ಶನಕ್ಕಿಟ್ಟ ಪ್ರತಿ ಫೋನಿನಲ್ಲೂ ‘ರ‍್ಯಾಂಕ್’ ಎಂದು ಬರೆಯಲು ಹೋದೆ. ಸುಮ್ಮನೆ ರ, ಒತ್ತು, ಯ ಒತ್ತಿದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ‘ಸೂರ್ಯ’ನಿಗೆ ಅದು ಸರಿ, ‘ರ‍್ಯಾಲಿ’ಗೆ ಅಲ್ಲ. ರ ತನ್ನ ಪೂರ್ತಿ ರೂಪದಲ್ಲಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ತೂರಿಸಬೇಕು. ಯುನಿಕೋಡ್‌ನಲ್ಲಿ ಅದಕ್ಕೆ ಜಾಗವಿದೆ, ಅಗಲವಿಲ್ಲ. ಯಾವ ಕೀಲಿಮಣೆಯಲ್ಲಿ ಅದನ್ನು ಎಲ್ಲಿ ಅಡಗಿಸಿಟ್ಟಿದ್ದಾರೆ ಎಂಬುದು ನನಗೆ ಕ್ಯಾಮೆರಾಕ್ಕಿಂತ ಮುಖ್ಯ.

"ಕ್ಯಾಮೆರಾ ನೋಡಲ್ವಾ ಸರ್?" ಎಂದ ಹುಡುಗ, ನಾನು ನಾಲ್ಕನೇ ಫೋನಿನಲ್ಲೂ ರ‍್ಯಾಂಕ್ ರ‍್ಯಾಂಕ್ ಎಂದು ಬರೆಯುತ್ತಿರುವುದನ್ನು ಕಂಡು. ಪರೀಕ್ಷಾರ್ಥಿಯ ತಂದೆ ಎಂದುಕೊಂಡಿರಬೇಕು.

ಬಸ್ಸಿನಲ್ಲಿ ಬರುವಾಗ ಹೊಳೆಯಿತು: ಕೀಲಿಮಣೆ ಒಂದು ಆ್ಯಪ್. ಯಾವುದನ್ನು ಬೇಕಾದರೂ ಯಾವ ಫೋನಿಗಾದರೂ ಹಾಕಿಕೊಳ್ಳಬಹುದು. ನಾನು ಮಧ್ಯಾಹ್ನವಿಡೀ ಪರೀಕ್ಷಿಸಿದ್ದು ಫೋನನ್ನಲ್ಲ.

ಇನ್ನೊಂದು: ಕೆಲವು ಲೇಖಕರು ಇನ್ನೂ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನೇ ವಾಟ್ಸ್‌ಆ್ಯಪಿಗೆ ಅಂಟಿಸಿ ಕಳಿಸುತ್ತಾರೆ. ಫೋನಿನಲ್ಲಿ ಅದು ಕಾಣುವುದು ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆಯಾಗಿ. ಹದಿನೆಂಟು ಸಾವಿರದ್ದರಲ್ಲೂ ಹಾಗೆಯೇ, ಒಂದೂವರೆ ಲಕ್ಷದ್ದರಲ್ಲೂ ಹಾಗೆಯೇ.

*

ಅರ್ಥವಾಗದ ಕೂಡುಲೆಕ್ಕಗಳು.

‘8+8 ಜಿಬಿ ರ‍್ಯಾಮ್’. ಎರಡನೆಯ ಎಂಟು ನಿಜವಾದ ರ‍್ಯಾಮ್ ಅಲ್ಲ, ಫೋಟೊ, ಹಾಡು ಇಡುವ ಜಾಗದಿಂದಲೇ ಕಡ ತಂದದ್ದು. ಅಟ್ಟವನ್ನೂ ಹಜಾರವೆಂದು ಅಳೆದು ಮನೆ ಮಾರಿದ ಹಾಗೆ.

‘50 ಮೆಗಾಪಿಕ್ಸೆಲ್’. ತೆಗೆದ ಚಿತ್ರ ಬರುವುದು ಸಾಮಾನ್ಯವಾಗಿ ಹನ್ನೆರಡೂವರೆಯದ್ದು. ನಾಲ್ಕು ಬಿಂದುಗಳನ್ನು ಒಂದಾಗಿ ಬೆಸೆಯುತ್ತದೆ, ಕತ್ತಲಲ್ಲಿ ಅದರಿಂದ ಚಿತ್ರ ತಿಳಿಯಾಗುತ್ತದೆ. ಒಳ್ಳೆಯದೇ. ಹಾಗಾದರೆ ಡಬ್ಬಿಯ ಮೇಲೆ ಹನ್ನೆರಡೂವರೆ ಎಂದೇ ಹಾಕಬಹುದಿತ್ತಲ್ಲ. ಪಕ್ಕದಲ್ಲಿ 2 ಮೆಗಾಪಿಕ್ಸೆಲಿನ ಇನ್ನೊಂದು ಕಣ್ಣಿದೆ, ಹತ್ತಿರದ ವಸ್ತುಗಳಿಗಂತೆ. ಕರಡಿನ ಪುಟವೊಂದನ್ನು ಅದರಲ್ಲಿ ತೆಗೆದು ನೋಡಿದೆ. ‘ಥ’ ಯಾವುದು ‘ಧ’ ಯಾವುದು ತಿಳಿಯಲಿಲ್ಲ. ಎಣಿಕೆಗೆ ಇಟ್ಟ ಕಣ್ಣು.

‘ನೋ ಕಾಸ್ಟ್ ಇಎಂಐ’. ಇದಕ್ಕೆ ಅರ್ಧ ದಿನ ಹೋಯಿತು. ಬಡ್ಡಿಯನ್ನು ಮರೆಮಾಚುವ ಸೊನ್ನೆ ಬಡ್ಡಿಯ ಯೋಜನೆಗಳು ಬೇಡ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಈಗ ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿಯವರೋ ಕಂಪನಿಯೋ ಬೆಲೆಯಲ್ಲಿ ಇಳಿಸುತ್ತಾರೆ. ಬಡ್ಡಿ 800 ರೂಪಾಯಿ ಎಂದಿಟ್ಟುಕೊಂಡರೆ ಆ 800ರ ಮೇಲಿನ ಶೇ. 18 ಜಿಎಸ್‌ಟಿ, ಎಂದರೆ 144 ರೂಪಾಯಿ, ನಮ್ಮ ತಲೆಗೆ. ಸಂಸ್ಕರಣಾ ಶುಲ್ಕ 199, ಅದಕ್ಕೂ ತೆರಿಗೆ ಸೇರಿ ಹತ್ತಿರ ಹತ್ತಿರ 235. ಒಟ್ಟು ಸೊನ್ನೆಯ ಬೆಲೆ 379 ರೂಪಾಯಿ. ಸೊನ್ನೆಯನ್ನು ಕಂಡುಹಿಡಿದ ದೇಶದಲ್ಲಿ ಅದು ಇಷ್ಟಾದರೂ ಬಾಳಬೇಕಲ್ಲ.

*

ಮಳೆಯ ವಿಚಾರ. ಪರದೆಯ ಮೇಲೆ ನಾಲ್ಕು ಹನಿ ಬಿದ್ದರೆ ಹನಿಯನ್ನೇ ಬೆರಳೆಂದು ತಿಳಿದು ಫೋನು ಯಾರು ಯಾರಿಗೋ ಕರೆ ಮಾಡುತ್ತದೆ. ಡಬ್ಬಿಯ ಮೇಲೆ ‘ಐಪಿ64’ ಎಂದಿದೆ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. 4 ಎಂದರೆ ಎರಚಿದ ನೀರು ತಾಳುತ್ತದೆ. 7 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಒಳಗೆ ಮಡಚಿಟ್ಟ ಚೀಟಿಯಲ್ಲಿ, ಇನ್ನೂ ಸಣ್ಣ ಅಕ್ಷರದಲ್ಲಿ, ನೀರು ಹೋಗಿ ಹಾಳಾದರೆ ವಾರಂಟಿ ಇಲ್ಲ. ಹೊರಗಿನದನ್ನು ಬರೆದವರೂ ಒಳಗಿನದನ್ನು ಬರೆದವರೂ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಊಟಕ್ಕೆ ಒಟ್ಟಿಗೆ ಕೂರುವುದಿಲ್ಲವೇನೋ.

ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಬಂದಿದ್ದ ಕೊನೆಗಾರನ ಫೋನು ನೋಡಿದೆ. ಗುಂಡಿ ಒತ್ತುವಂಥದ್ದು. ದಾರದಲ್ಲಿ ಕಟ್ಟಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಗುಂಡಿಗಳ ಸಂದಿಯಲ್ಲೆಲ್ಲ ಮೈಲುತುತ್ತದ ನೀಲಿ. 5ರ ಗುಂಡಿಯ ಮೇಲೆ ಅಂಕಿಯೇ ಉಳಿದಿಲ್ಲ, ಬರೀ ತಗ್ಗು. ಮರದ ತುದಿಯಲ್ಲಿದ್ದಾಗ ಯಾರದೋ ಫೋನ್ ಬಂತು. ಒಂದು ಕೈಯಲ್ಲಿ ಮರ ತಬ್ಬಿಕೊಂಡೇ ಇನ್ನೊಂದರಲ್ಲಿ ಕೊಟ್ಟೆಯ ಮೇಲಿಂದಲೇ ಒತ್ತಿ, ನಾಳೆಯಲ್ಲ ನಾಡಿದ್ದು ಬರ್ತೀನಿ ಎಂದು ಹೇಳಿ ಮುಗಿಸಿದ.

ಇಳಿದ ಮೇಲೆ ಕೇಳಿದೆ, ಟಚ್ ಫೋನ್ ಇಲ್ವಾ ಅಂತ.

"ಅದು ಮನೇಲಿದೆ, ಹೆಂಡ್ತಿ ನೋಡ್ತಾಳೆ. ಇದು ಮರಕ್ಕೆ." ಸ್ವಲ್ಪ ತಡೆದು, "ಮೇಲೆ ರೇಂಜ್ ಭಾರಿ ಚೆನ್ನಾಗಿದೆ ಮಾರಾಯ್ರೇ, ನಿಮ್ಮ ಕಲ್ಲಿಗಿಂತ."

*

ನಂದಿನಿ ಪ್ಯಾಕೆಟ್ಟಿನ ಮೇಲೆ ಯಾವ ದಿನದೊಳಗೆ ಬಳಸಬೇಕು ಎಂದಿರುತ್ತದೆ. ಜ್ವರದ ಮಾತ್ರೆಯ ಮೇಲೂ ಇರುತ್ತದೆ. ಫೋನಿನ ಡಬ್ಬಿಯ ಮೇಲೆ ತಯಾರಾದ ತಿಂಗಳಿದೆ. ಯಾವ ವರ್ಷದವರೆಗೆ ಬ್ಯಾಂಕಿನ ಆ್ಯಪ್ ಇದನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದನ್ನು ಯಾರೂ ಮುದ್ರಿಸಿಲ್ಲ. ನನ್ನ ಹಳೆಯದು ಸತ್ತದ್ದು ಆ ಲೆಕ್ಕದಲ್ಲೇ.

ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರ ಆರಂಭದಲ್ಲಿ, ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷ ತಂತ್ರಾಂಶ ಕೊಡುತ್ತೇವೆ ಎಂದವು. ನನ್ನ ಬೆಲೆಯವಕ್ಕೆ ಅಷ್ಟಿಲ್ಲ. ಅದೂ ಎಣಿಸುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿಯಲ್ಲಿ ಬರುವ ಎರಡು ವರ್ಷ ಹಿಂದಿನ ಮಾದರಿ ಎಂದರೆ ಎರಡು ವರ್ಷ ಈಗಾಗಲೇ ಉರಿದುಹೋದದ್ದು.

ಯುರೋಪಿನಲ್ಲಿ 2025ರ ಜೂನ್ 20ರಿಂದ ಪ್ರತಿ ಹೊಸ ಫೋನಿನ ಜೊತೆ ಒಂದು ಚೀಟಿ ಕಡ್ಡಾಯ. ಬಿದ್ದರೆ ಎಷ್ಟು ತಾಳುತ್ತದೆ, ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗುವವರೆಗೆ ಗಟ್ಟಿ, ರಿಪೇರಿ ಸುಲಭವೋ ಕಷ್ಟವೋ, ಎಲ್ಲ ಅದರಲ್ಲಿದೆ. ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶ ಕೊಡಬೇಕೆಂಬ ನಿಯಮವೂ ಇದೆ. ಎಂದರೆ ಅಳೆಯಲು ಬರುವುದಿಲ್ಲ ಎಂದೇನಿಲ್ಲ. ಅಂಗಳದ ಕಲ್ಲು ಬೆಲ್ಜಿಯಮ್ಮಿಗಿಂತ ಇಲ್ಲಿ ಮೆತ್ತಗಿದೆಯೇ?

*

ಕೊಂಡೆ. 17,999 ರೂಪಾಯಿ, ಅದರಲ್ಲಿ 2,745 ಚಿಲ್ಲರೆ ಜಿಎಸ್‌ಟಿ. ನಗದು. ಬ್ಯಾಂಡ್ 28 ಇದೆ. ಚಾರ್ಜರ್ ಡಬ್ಬಿಯಲ್ಲೇ ಇತ್ತು, ಅದೊಂದು ಸಮಾಧಾನ. ಹುಡುಗ ಟೆಂಪರ್ ಗ್ಲಾಸ್ ಹಾಕುವಾಗ ಉಸಿರು ಬಿಗಿಹಿಡಿದಿದ್ದ, ಗುಳ್ಳೆ ಬರಲಿಲ್ಲ.

ಹಳೆಯದರಿಂದ ಹೊಸದಕ್ಕೆ ಸಾಮಾನು ಸಾಗಿಸಲು ರಾತ್ರಿ ಎರಡು ಗಂಟೆ ಹಿಡಿಯಿತು. ಬಹುಪಾಲು ಶುಭೋದಯದ ಹೂವುಗಳು.

ಯುಪಿಐ ಕಟ್ಟಿಕೊಳ್ಳಬೇಕಾದರೆ ಸಿಮ್‌ನಿಂದ ತಾನಾಗಿಯೇ ಒಂದು ಎಸ್ಸೆಮ್ಮೆಸ್ ಹೋಗಬೇಕು. ಮನೆಯೊಳಗಿಂದ ಹೋಗಲಿಲ್ಲ. ಕೊಡೆ ಹಿಡಿದುಕೊಂಡು ಕಲ್ಲಿನ ಮೇಲೆ ನಿಂತೆ, ಹೋಯಿತು. ಹೊಸ ಫೋನಾದ್ದರಿಂದ ಮೊದಲ ಇಪ್ಪತ್ತನಾಲ್ಕು ಗಂಟೆ ಐದು ಸಾವಿರಕ್ಕಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಇದು ನನಗೆ ಇಷ್ಟವಾದ ನಿಯಮ. ಹೊಸಬರ ಕೈಗೆ ನಾವೂ ಒಂದು ದಿನ ಅಷ್ಟೇ ಕೊಡುತ್ತೇವೆ.

ಮಾರನೇ ದಿನದಿಂದ ಅಟ್ಟದ ಕಿಟಕಿಯ ಜೊತೆ ಊಟದ ಮನೆಯ ಬಾಗಿಲಲ್ಲೂ ಎರಡು ಗೆರೆ ಬರುತ್ತಿವೆ. 28ರ ಪ್ರಭಾವವೋ ಮೋಡ ಸರಿದದ್ದೋ ಇನ್ನೂ ತೀರ್ಮಾನವಾಗಿಲ್ಲ. ರಿಂಗು ಅಮ್ಮನಿಗೆ ಕೇಳಿಸುತ್ತದೆ. ಆದರೆ ಅದು ದೇವಸ್ಥಾನದ ಗಂಟೆಯೋ ಫೋನೋ ಎಂದು ಅವಳಿಗೆ ಅನುಮಾನ.

*

ಹೊಸದರಲ್ಲಿ ಇಯರ್‌ಫೋನ್ ತೂತಿಲ್ಲ, ರೇಡಿಯೊ ಕೂಡ ಇಲ್ಲ. ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ಕೇಂದ್ರದ ಐಟಿ ಸಚಿವಾಲಯ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿತ್ತು. ಸಲಹೆ ಸಲಹೆಯಾಗಿಯೇ ಉಳಿದಂತಿದೆ.

ಹಳೆಯದಕ್ಕೆ ಎರಡೂ ಉಂಟು. ಸಿಮ್ ತೆಗೆದು, ತುಂಡಾದ ಇಯರ್‌ಫೋನಿನ ತಂತಿಯನ್ನು ಆಂಟೆನಾ ಎಂದು ಸಿಕ್ಕಿಸಿ, ಅಡುಗೆಮನೆ ಕಿಟಕಿಯಲ್ಲಿ ಚಾರ್ಜಿಗೆ ಹಾಕಿಯೇ ಇಟ್ಟಿದ್ದೇನೆ. ಬೆಳಿಗ್ಗೆ ಸ್ವಲ್ಪ ಕರಕರದ ಜೊತೆ ಭದ್ರಾವತಿ ಆಕಾಶವಾಣಿ ಹಿಡಿಯುತ್ತದೆ. ಅಮ್ಮ ದೋಸೆ ಹುಯ್ಯುತ್ತಾ ಪ್ರದೇಶ ಸಮಾಚಾರ ಕೇಳುತ್ತಾಳೆ.